ಐಸ್ ಪ್ಲಾಂಟಿನ ಕ್ರಿಸ್ಮಸ್ಸಿಗೆ ನನ್ನದೊಂದು ಅಭಿಪ್ರಾಯ

ನನ್ನ ಹೆಬ್ಬೆರಳನ್ನು ನನ್ನ ಫೋನು ಗುರುತಿಸುವುದಿಲ್ಲ. ಮೂವತ್ತು ಚಿಲ್ಲರೆ ವರ್ಷ ತೆಂಗಿನಕಾಯಿ ತುರಿದು, ಹುಣಸೆಹಣ್ಣು ಕಿವುಚಿ, ಬಂಗುಡೆಯ ಹೊಟ್ಟೆ ಸೀಳಿ, ಬಾಣಲೆಯ ತಳದ ಮಸಿಯೊಡನೆ ಮಲ್ಲಯುದ್ಧ ಮಾಡಿ ಸವೆದುಹೋದ ಈ ಬೆರಳಿನಲ್ಲಿ ರೇಖೆಗಳೆಂಬವು ಈಗ ಶಿಥಿಲ ಶಾಸನದ ಅಕ್ಷರಗಳಷ್ಟೇ ಅಸ್ಪಷ್ಟ. ಸೆರಗಿಗೆ ಒರೆಸಿ ಒತ್ತಿದರೂ ಅಷ್ಟೆ, ಉಫ್ ಎಂದು ಊದಿ ಒತ್ತಿದರೂ ಅಷ್ಟೆ. ‘ಮತ್ತೊಮ್ಮೆ ಪ್ರಯತ್ನಿಸಿ’ ಎಂದು ಅದು ಬಲು ಸಭ್ಯವಾಗಿ ಹೇಳಿ ಬಾಗಿಲು ಹಾಕಿಕೊಳ್ಳುತ್ತದೆ. ಕೊನೆಗೆ ನಾಲ್ಕು ಅಂಕೆಗಳ ಗುಟ್ಟನ್ನೊತ್ತಿ ಒಳಗೆ ಹೋಗುತ್ತೇನೆ. ಆ ಅಂಕೆಗಳಾದರೂ ನನ್ನವೇ ಎಂದರೆ, ಅಲ್ಲ. ನಮ್ಮ ಮನೆಯವರ ಸ್ಕೂಟರಿನ ನಂಬರು. ಅವರು ಹೊಸ ಫೋನು ಕೊಂಡಾಗ ಹಳೆಯದು ಅಡುಗೆಮನೆಯ ಕಿಟಕಿಗೆ, ಅಂದರೆ ನನಗೆ, ಬಂತು. ಅದರ ಹೊಟ್ಟೆಯೊಳಗೆ ಇನ್ನೂ ಏನೇನು ಅವರದ್ದು ಉಳಿದಿದೆಯೆಂದು ನಾನು ಯೋಚಿಸಿರಲಿಲ್ಲ.

ಡಿಸೆಂಬರಿನ ಮೊದಲ ವಾರ ಈ ಫೋನಿಗೆ ಗಂಗೊಳ್ಳಿಯಿಂದ ನನ್ನ ಶಾಲಾಗೆಳತಿ ಲೂಸಿ ಒಂದು ಲಿಂಕ್ ಕಳಿಸಿದಳು. ಅವಳ ಮಗಳು ರೆನಿಟಾ ಕುಂದಾಪುರದ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವ ಹುಡುಗಿ. ಬಿಡುವಿನಲ್ಲಿ ಹಾಡು ಕಟ್ಟುತ್ತಾಳೆ. ಈ ಸಲ ಕಟ್ಟಿದ್ದು ಏಳು ಹಾಡುಗಳ ಕ್ರಿಸ್ಮಸ್ ಆಲ್ಬಂ. ಅದೂ ಹಿಪ್ ಹಾಪ್. ಅದೂ ಅರ್ಧ ಕುಂದಾಪ್ರ ಕನ್ನಡ, ಅರ್ಧ ಕೊಂಕಣಿ. ಹೆಸರು ‘ಐಸ್ ಪ್ಲಾಂಟಿನ ನಕ್ಷತ್ರ’. ‘ಕೇಂಡ್ ಹೇಳ್ ಹೆಣೆ. ಲಾಯ್ಕ್ ಇಲ್ದಿರೆ ಇಲ್ಲೆ ಅಂದೇ ಹೇಳ್,’ ಎಂದು, ಕೇಳಿ ನೋಡಿ ಹೇಳುವ ಕೆಲಸ ಹೊರಿಸಿ, ಲೂಸಿ ಕೆಳಗೆ ಬರೆದಿದ್ದಳು.

ಕಾನ್ವೆಂಟಿನಲ್ಲಿ ಓದಿದವಳಾದ್ದರಿಂದ ಕ್ರಿಸ್ಮಸ್ ಗೀತೆಗಳ ವಿಷಯದಲ್ಲಿ ನಾನು ಪ್ರಮಾಣಪುರುಷಳೆಂಬ ಭ್ರಾಂತಿ ನಮ್ಮ ಬಂಧುವರ್ಗದಲ್ಲಿದೆ. ನಿಮ್ಮಲ್ಲಿ ನಿಜ ಹೇಳಿಬಿಡುತ್ತೇನೆ. ಶಾಲೆಯ ಕ್ಯಾರಲ್ ತಂಡದಲ್ಲಿ ಲೂಸಿ ಮುಂದಿನ ಸಾಲು, ನಾನು ಹಿಂದಿನ ಸಾಲು. ಒಂದು ದಿನ ಅಭ್ಯಾಸದ ನಡುವೆ ಹಾಡಿಸುವ ಸಿಸ್ಟರ್ ಪ್ರತಿಯೊಬ್ಬಳ ಬಾಯಿಯ ಹತ್ತಿರವೂ ಕಿವಿಯೊಡ್ಡುತ್ತ ಬಂದು, ನನ್ನ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತು, ಅತ್ಯಂತ ಮೃದುವಾಗಿ, ‘ಸುಮತಿ, ನೀನು ಬಾಯಿ ಮಾತ್ರ ಆಡಿಸು, ದನಿ ಬೇಡ’ ಎಂದರು. ಅಂದಿನಿಂದ ಹತ್ತನೆಯ ತರಗತಿ ಮುಗಿಯುವವರೆಗೆ, ಇಸ್ತ್ರಿಯ ರಿಬ್ಬನ್ನು ಕಟ್ಟಿಕೊಂಡು, ಕಣ್ಣು ಅರೆಮುಚ್ಚಿ, ನಾನು ಮೌನವನ್ನೇ ಭಾವಪೂರ್ಣವಾಗಿ ಹಾಡಿದ್ದೇನೆ. ಮುಂದಿನ ಬೆಂಚಿನಲ್ಲಿ ಕುಳಿತ ಅಪ್ಪಯ್ಯ ಪಕ್ಕದವರಿಗೆ, ‘ನಮ್ ಸುಮತಿ ಸ್ವರ ಬೇರೆಯೇ ಕೇಂತ್, ಕಾಣಿ’ ಎಂದು ಹೆಮ್ಮೆಪಟ್ಟದ್ದೂ ಉಂಟು.

ಹಾಗಾಗಿ ತೆಂಗಿನಕಾಯಿ ತುರಿಯುತ್ತ ರೆನಿಟಾಳ ಹಾಡು ಹಚ್ಚಿದಾಗ ನನ್ನಲ್ಲಿ ಪಾಂಡಿತ್ಯವಿರಲಿಲ್ಲ, ಕಿವಿಯಿತ್ತು. ಮೊದಲೆರಡು ಹಾಡಿಗೆ ಗಾಬರಿಯಾದೆ. ಹುಡುಗಿ ಹಾಡುತ್ತಿರಲಿಲ್ಲ; ನಮ್ಮೂರಿನ ಬಸ್ಸಿನ ಕಂಡಕ್ಟರನಂತೆ ಉಸಿರು ಬಿಡದೆ ಮಾತಾಡುತ್ತಿದ್ದಳು, ಅದರಲ್ಲಿ ಗೋದಲಿಯೂ ಕುರಿಗಾಹಿಗಳೂ ಬೆಳಗಿನ ಮೀನಿನ ಹರಾಜೂ ಒಂದರ ಮೇಲೊಂದು ಬಂದು ಬೀಳುತ್ತಿದ್ದವು. ಮೂರನೆಯ ಹಾಡಿಗೆ ನನ್ನ ಕೈ ನಿಂತಿತು. ಅದರ ತಾಳ ನನಗೆ ಗೊತ್ತು! ಘರ್ರ್, ಘರ್ರ್, ಟಕ್. ಲೂಸಿಯ ಅಪ್ಪ ಐಸ್ ಪ್ಲಾಂಟಿನಲ್ಲಿದ್ದರು. ಕ್ರಿಸ್ಮಸ್ ಮಧ್ಯಾಹ್ನ ನಾವು ಗೆಳತಿಯರು ದೋಣಿಯಲ್ಲಿ ಹೊಳೆ ದಾಟಿ ಅವರ ಮನೆಗೆ ಹೋಗಿ, ಜಗಲಿಯಲ್ಲಿ ಕಾಲು ಇಳಿಬಿಟ್ಟು, ಸಿಹಿಹೂರಣದ ಕರಿಗಡುಬಿನಂಥ ನೆವ್ರಿ ತಿನ್ನುವಾಗ, ರಜೆಯಿಲ್ಲದ ಮೀನಿಗಾಗಿ ಪಕ್ಕದ ಆ ಪ್ಲಾಂಟಿನಲ್ಲಿ ಮಂಜುಗಡ್ಡೆ ಪುಡಿಮಾಡುವ ಯಂತ್ರ ನಡೆಯುತ್ತಲೇ ಇರುತ್ತಿತ್ತು. ಘರ್ರ್, ಘರ್ರ್, ಟಕ್. ಆ ಟಕ್ಕಿಗೆ ಸರಿಯಾಗಿ ನಾವು ನೆವ್ರಿ ಕಚ್ಚುತ್ತಿದ್ದೆವು. ಹುಡುಗಿ ಆ ಯಂತ್ರದ ಮುಂದೆ ಫೋನು ಹಿಡಿದು, ಅದನ್ನೇ ಹಾಡಿನ ಎದೆಬಡಿತ ಮಾಡಿದ್ದಳು.

ಆಮೇಲೆ ಹಾಡಿನ ಕೆಳಗೆ ಕೇಳುಗರು ಬರೆದ ಅಭಿಪ್ರಾಯಗಳನ್ನು ಓದಿದೆ, ಓದಬಾರದಿತ್ತು. ‘ಇದ್ ಕ್ರಿಸ್ಮಸ್ಸಾ, ಕೋಲ್ಡ್ ಸ್ಟೋರೇಜಾ?’ ಎಂದೊಬ್ಬ. ‘ಹಾಡೋ, ಜಗಳವೋ?’ ಎಂದಿನ್ನೊಬ್ಬ. ‘ನಮ್ ಭಾಷಿ ಕಾಮಿಡಿಗ್ ಅಡ್ಡಿಲ್ಲ, ದೇವ್ರಿಗಲ್ಲ’ ಎಂದು ಬೈಂದೂರಿನ ಕಡೆಯವರೊಬ್ಬರು. ಪವಿತ್ರ ಗೀತೆಗಳ ಗಾಂಭೀರ್ಯ ನಾಶವಾಯಿತೆಂದು ನಿಟ್ಟುಸಿರಿಟ್ಟವರು ಒಬ್ಬರಾದರೆ, ರ್‍ಯಾಪ್ ಎಂದರೆ ಸಿಟ್ಟಿರಬೇಕು, ಇದರಲ್ಲಿ ಭಕ್ತಿ ಜಾಸ್ತಿಯಾಯಿತು ಎಂದು ಇನ್ನೊಬ್ಬರು. ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಬೇಕೆನ್ನಿಸಿತು. ಮುಂಬಯಿಯ ಹೋಟೆಲಿನಲ್ಲಿರುವ ಒಬ್ಬ ಮಾತ್ರ, ‘ಬೋಟಿನ ಹಾರ್ನ್ ಕೇಂಡದ್ದೇ ಊರಿಗ್ ಬಂದಂಗಾಯ್ತ್’ ಎಂದು ಬರೆದಿದ್ದ. ಅವನನ್ನೂ ನಾಲ್ಕು ಮಂದಿ ಗೇಲಿ ಮಾಡಿದ್ದರು.

ನಾನು ಜಗಳಗಂಟಿಯಲ್ಲ. ಹಾಲಿನವನು ನೀರು ಬೆರೆಸಿದರೆ ‘ಹಸು ಹುಷಾರಿತ್ತಾ?’ ಎಂದು ಕೇಳುವ ಜಾತಿಯವಳು. ಆದರೆ ಅಂದು ಒದ್ದೆ ಕೈಯಲ್ಲೇ ಬರೆದೆ: ‘ಮೂರನೆಯ ಹಾಡಿನ ತಾಳ ಐಸ್ ಪ್ಲಾಂಟಿನದ್ದು. ಅದನ್ನು ಗಲಾಟೆ ಎನ್ನುವವರು ನಾಳೆಯಿಂದ ಗಂಗೊಳ್ಳಿಯ ಮೀನನ್ನೂ ತಿನ್ನಬಾರದು. ಭೇಷ್ ಮಗಾ, ಏಳೂ ಹಾಡು ಭೇಷ್!’ ಬರೆದು, ಕೈ ತೊಳೆದು, ಬಂಗುಡೆಗೆ ಮಸಾಲೆ ಸವರಿದೆ. ಎಂಥ ನಿರಾಳ!

ಭಾನುವಾರ ನಮ್ಮ ಮನೆಯವರು ಊರ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯ ಸಭೆ ಮುಗಿಸಿ ಬಂದರು. ಅವರು ಅದರ ಕಾರ್ಯದರ್ಶಿ. ದೇವರ ಪುನಃಪ್ರತಿಷ್ಠೆಯ ಬ್ರಹ್ಮಕಲಶ ಮುಗಿಯುವವರೆಗೆ ಮೀನು ಮುಟ್ಟುವುದಿಲ್ಲವೆಂದು ವ್ರತ ಹಿಡಿದವರು. ಚಪ್ಪಲಿ ಬಿಡುವ ಮೊದಲೇ ಶುರು.

‘ಎಂತ ಬರ್ದಿದ್ದೆ ಮಾರಾಯ್ತಿ ನನ್ ಹೆಸ್ರಂಗೆ? ಸಭೆಯಂಗೆ ಎಲ್ಲರೂ ನೆಗಾಡುದೇ ನೆಗಾಡುದ್. ಹ್ವಾಯ್ ಕಾರ್ಯದರ್ಶಿಗಳೆ, ವ್ರತದಂಗಿಪ್ಪರಿಗೆ ಮೀನಿನ ಚಿಂತಿ ಎಂತಕೆ ಅಂತ್ರ್! ಬ್ರಹ್ಮಕಲಶಕ್ಕೆ ಯಕ್ಷಗಾನದ್ ಆಟ ಬ್ಯಾಡ, ರ್‍ಯಾಪೇ ಇಡ್ವ ಅಂತ್ರ್!’

ನೋಡಿದರೆ ಹೌದು. ಆ ಹಳೆಯ ಫೋನಿನಲ್ಲಿ ಅವರ ಖಾತೆಯೇ ಉಳಿದಿತ್ತು. ನನ್ನ ವೀರವಾಣಿಯ ಪಕ್ಕದಲ್ಲಿ ಶಾಲು ಹೊದ್ದು, ಕುಂಕುಮವಿಟ್ಟು, ಮೀಸೆಯೊಡನೆ ವಿರಾಜಮಾನರಾದ ಅವರ ಭಾವಚಿತ್ರ.

‘ಅಳ್ಸ್ ಅದನ್ನ.’

‘ಅಳ್ಸುದಿಲ್ಲೆ,’ ಎಂದೆ. ಅಷ್ಟು ಸಲೀಸಾಗಿ ಆ ಮಾತು ಬಂದದ್ದಕ್ಕೆ ನನಗೇ ಆಶ್ಚರ್ಯವಾಯಿತು.

‘ಹೆಸ್ರ್ ನಂದಲ್ದಾ?’

‘ಹೆಸ್ರ್ ನಿಮ್ದ್, ಮಾತ್ ನಂದ್. ಬ್ಯಾಡ ಅಂದ್ರೆ ನೀವೇ ಅಳ್ಸಿ, ಕಾಂಬ.’

ಅವರು ಹೊಸ ಫೋನು ಹಿಡಿದು, ಕನ್ನಡಕ ಹಣೆಗೇರಿಸಿ ಇಳಿಸಿ, ಬಹಳ ಹೊತ್ತು ಸಾಹಸ ಮಾಡಿದರು. ಬೆಳಗಿನ ಶುಭೋದಯವನ್ನು ನೂರು ಜನಕ್ಕೆ ಹಂಚುವುದಷ್ಟೇ ಅವರ ವಿದ್ಯೆ; ಅಳಿಸುವುದು ಈ ಮನೆಯಲ್ಲಿ ಬರುವುದು ನನಗೊಬ್ಬಳಿಗೆ. ಆಮೇಲೆ ನೋಡಿದಾಗ ಆ ಅಭಿಪ್ರಾಯಕ್ಕೆ ಹೊಸದೊಂದು ಹೆಬ್ಬೆಟ್ಟಿನ ಮೆಚ್ಚುಗೆ ಬಿದ್ದಿತ್ತು. ಅಳಿಸಲು ಹೋದವರು ತಮ್ಮ ಮಾತನ್ನು ತಾವೇ ಮೆಚ್ಚಿಕೊಂಡಿದ್ದರು.

ಗೆದ್ದೆನೆಂದು ಬೀಗುತ್ತಿರುವಾಗಲೇ ಲೂಸಿಯ ಫೋನು ಬಂತು. ‘ಸುಮಾ, ನಿನ್ ಗಂಡಂಗೆ ನನ್ನದೊಂದ್ ಥ್ಯಾಂಕ್ಸ್ ಹೇಳ್ ಹೆಣೆ. ಜನ ಹೇಳೂದ್ ಕೇಂಡ್ ಕೇಂಡ್ ಇವ್ಳ್ ಎಲ್ಲ ಹಾಡೂ ತೆಗ್ದ್ ಹಾಕ್ತೆ ಅಂದ್ ಕೂತಿದ್ಲ್. ಅಷ್ಟ್ ದೊಡ್ ಮನ್ಷ್ರ್ ದೇವಸ್ಥಾನದ ಕೆಲ್ಸದ ನಡುವೆ ಕೇಂಡ್ ಬರ್ದಿದ್ರಲ್ದಾ ಅಂದ್ಹೇಳಿ ಈಗ ತೆಗುದ್ ನಿಲ್ಸಿದ್ಲ್.’

‘ಹೇಳ್ತೆ’ ಎಂದು ಫೋನಿಟ್ಟೆ. ಇಟ್ಟಮೇಲೆ ಬಾಯಿ ಕಹಿಯಾಯಿತು. ಹುಡುಗಿಗೆ ಧೈರ್ಯ ಕೊಟ್ಟದ್ದು ನನ್ನ ಕಿವಿಯಲ್ಲ, ಅವರ ಶಾಲು. ಅದಕ್ಕೆ ಫೋನನ್ನು ಮಾತ್ರ ದೂರಲಾದೀತೆ? ಮಹಿಳಾ ಸೊಸೈಟಿಯವಳು ಬೇಡದ ಪಾತ್ರೆ ಮಾರಲು ಬಂದಾಗ, ನಾದಿನಿಯ ಮನೆಯ ಮೂರು ದಿನದ ಸಮಾರಂಭಕ್ಕೆ ಕರೆ ಬಂದಾಗ, ಸೀರೆಯ ಬಣ್ಣ ಹಿಡಿಸದಿದ್ದಾಗ, ಇಷ್ಟು ವರ್ಷ ನಾನು ಹೇಳಿದ್ದೇನು? ‘ನಮ್ಮನೆಯವ್ರಿಗೆ ಇಷ್ಟ ಇಲ್ಲೆ.’ ಪಾಪ, ಆ ಮನುಷ್ಯನಿಗೆ ಸೀರೆಯ ಬಣ್ಣವೂ ಗೊತ್ತಿರಲಿಲ್ಲ, ತನ್ನ ಅನಿಷ್ಟಗಳ ಪಟ್ಟಿಯೂ ಗೊತ್ತಿರಲಿಲ್ಲ. ನಾನು ಅವರ ಹೆಸರಿನ ಹಿಂದಿನ ಸಾಲಿನಲ್ಲಿ ನಿಂತು ಸುರಕ್ಷಿತವಾಗಿ ಬಾಯಿ ಆಡಿಸಿಕೊಂಡು ಬಂದಿದ್ದೆ. ನಮ್ಮ ಕಡೆಯ ಹೆಂಗಸರಲ್ಲಿ ಇದು ನನ್ನೊಬ್ಬಳ ಕೌಶಲವೂ ಅಲ್ಲ. ಓದುತ್ತಿರುವ ನೀವು ನಗುತ್ತಿದ್ದರೆ ನನಗೆ ಅರ್ಥವಾಗುತ್ತದೆ.

ನಿಜ ಹೇಳಿದರೆ ಹುಡುಗಿ ಕುಸಿದು ಹಾಡು ತೆಗೆದುಬಿಡಬಹುದು. ಹೇಳದಿದ್ದರೆ, ನಾಳೆ ಯಾರಾದರೂ ನಮ್ಮ ಮನೆಯವರಿಗೆ ಅಳಿಸುವುದನ್ನು ಕಲಿಸಿಕೊಟ್ಟ ಗಳಿಗೆಯಲ್ಲಿ ಕುಸಿಯುತ್ತಾಳೆ. ಯಾವ ದೊಡ್ಡ ಮನುಷ್ಯನೂ ಕೇಳದಿದ್ದರೇನು, ಕೇಳಿದವಳೊಬ್ಬಳು ಇದ್ದಾಳಲ್ಲ ಎಂದುಕೊಂಡು ಮರುದಿನ ಬೆಳಿಗ್ಗೆ, ದೋಸೆಹಿಟ್ಟಿನ ಪಾತ್ರೆ ಪಕ್ಕಕ್ಕಿಟ್ಟು, ನನ್ನ ಹೆಸರಿನಲ್ಲಿ ಹೊಸ ಖಾತೆ ತೆರೆದೆ. ಭಾವಚಿತ್ರಕ್ಕೆ ತುರಿಯುವ ಮಣೆಯ ಮೇಲೆ ಕೂತದ್ದೊಂದೇ ಸಿಕ್ಕಿತು. ಇರಲಿ ಎಂದು ಅದನ್ನೇ ಹಾಕಿದೆ. ಬರೆದೆ: ‘ಐಸ್ ಪ್ಲಾಂಟಿನ ವಿಷಯ ಬರೆದವಳು ನಾನು, ಸುಮತಿ, ನಿನ್ನಮ್ಮನ ಹಿಂದೆ ನಿಂತು ಹಾಡಿದವಳು. ನಮ್ಮ ಮನೆಯವರು ಇನ್ನೂ ಕೇಳಿಲ್ಲ. ಮೂರನೆಯದನ್ನು ದಿನಕ್ಕೆರಡು ಸಲ ಕೇಳುತ್ತೇನೆ. ಏಳೂ ಭೇಷ್ ಎಂದದ್ದು ಸುಳ್ಳು. ಐದನೆಯದು ನನಗೆ ಹಿಡಿಸಲಿಲ್ಲ, ಅದರಲ್ಲಿ ನೀನು ಬೇರೆ ಯಾರದೋ ದನಿಯಲ್ಲಿ ಮಾತಾಡುತ್ತೀ. ಉಳಿದವು ನಿನ್ನವೇ. ಇದು ಕ್ರಿಸ್ಮಸ್ಸಲ್ಲ ಎನ್ನುವವರು ಮೊದಲು ಗಂಗೊಳ್ಳಿಯ ಕ್ರಿಸ್ಮಸ್ ನೋಡಿ ಬರಲಿ.’

‘ಮುದುಕಿಗೆ ಬೇರೆ ಕೆಲಸವಿಲ್ಲ’ ಎಂದು ತಕ್ಷಣವೇ ಒಬ್ಬ ಉತ್ತರಿಸಿದ. ಇತ್ತು. ದೋಸೆ ಹೊಯ್ದೆ, ಬಟ್ಟೆ ಒಣಗಿಸಿದೆ, ನಡುನಡುವೆ ಬಂದು ನೋಡಿದೆ. ರೆನಿಟಾಳಿಂದ ಏನೂ ಇಲ್ಲ. ಮಧ್ಯಾಹ್ನದ ಊಟಕ್ಕೆ ಅನ್ನ ಬಡಿಸುವಾಗ ಫೋನು ಕುಂಯ್ ಎಂದಿತು.

‘ಆಂಟಿ, ಐದನೇದ್ ನಂಗೂ ಹಿಡಿಸ್ಲಿಲ್ಲೆ. ಆ ಒಂದನ್ನ ತೆಗಿತೆ. ಬೇರೆ ಯಾವ್ದೂ ತೆಗುದಿಲ್ಲೆ, ಯಾರ್ ಎಂತ ಬೇಕಾರೂ ಹೇಳ್ಲಿ.’

ಈಗ ಅಲ್ಲಿ ಆರು ಹಾಡುಗಳಿವೆ. ಬೈಯುವವರು ಬೈಯುತ್ತಿದ್ದಾರೆ, ನಾನೂ ಬಿಟ್ಟಿಲ್ಲ. ನಮ್ಮ ಮನೆಯವರ ಶಾಲು ಹೊದ್ದ ಅಭಿಪ್ರಾಯವೂ, ಅದರ ಮೇಲೆ ಅವರದೇ ಮೆಚ್ಚುಗೆಯೂ ಹಾಗೆಯೇ ಇವೆ. ಫೋನಿನ ಗುಟ್ಟಿನ ಅಂಕೆಗಳನ್ನು ಮಾತ್ರ ಬದಲಿಸಿದ್ದೇನೆ; ಏನೆಂದು ಅವರಿಗೂ ಹೇಳಿಲ್ಲ, ನಿಮಗೂ ಹೇಳುವುದಿಲ್ಲ. ಹೆಬ್ಬೆರಳನ್ನು ಅದು ಇನ್ನೂ ಗುರುತಿಸುವುದಿಲ್ಲ. ದಿನಕ್ಕೊಮ್ಮೆ, ಅರಿಶಿನದ ಕೈಯಲ್ಲೇ, ಬೇಕೆಂದೇ ಒತ್ತಿ ನೋಡುತ್ತೇನೆ. ‘ಮತ್ತೊಮ್ಮೆ ಪ್ರಯತ್ನಿಸಿ’ ಎನ್ನುತ್ತದೆ. ನೀನೇ ಪ್ರಯತ್ನಿಸು ಮಾರಾಯಾ, ಎನ್ನುತ್ತೇನೆ, ಬೆರಳಂತೂ ಇದೇ.