ನಾನು ಎಳೆದ ಡಿಸ್ಕು

ಸುಶೀಲಕ್ಕ, ಸ್ಕ್ಯಾನಿಂಗ್ ಸೆಂಟರಿನ ಅಷ್ಟೂ ವರ್ಷದ ಚಿತ್ರಗಳು ಅಳಿಸಿಹೋದದ್ದು ನಿಮ್ಮಿಂದಲ್ಲ. ನನ್ನ ಕೈಯಿಂದ. ಇಷ್ಟು ಹೇಳಲು ಒಂಬತ್ತು ವರ್ಷ ಬೇಕಾಯಿತು — ಯಾಕೆ ಬೇಕಾಯಿತೋ, ಬರೆಯುತ್ತಿರುವ ಈ ಹೊತ್ತಿಗೂ ನನಗೆ ತಿಳಿಯುತ್ತಿಲ್ಲ.

ಕೋಲಾರದ ಆ ಸೆಂಟರಿನಲ್ಲಿ ನೀವು ರೋಗಿಗಳ ದಾಖಲೆ ನೋಡಿಕೊಳ್ಳುತ್ತಿದ್ದಿರಿ, ನಾನು ಕಂಪ್ಯೂಟರುಗಳನ್ನು. ಸ್ಕ್ಯಾನ್ ಚಿತ್ರಗಳನ್ನಿಡುವ ಸರ್ವರ್‌ಗೆ ನಾಲ್ಕು ಡಿಸ್ಕು ಜೋಡಿಸಿದವನು ನಾನೇ. ಒಂದು ಕೆಟ್ಟರೆ ಉಳಿದ ಮೂರು ಸೇರಿ ಅದರಲ್ಲಿದ್ದುದನ್ನು ಮತ್ತೆ ಕಟ್ಟಿಕೊಡುತ್ತವೆ. ಎರಡು ಹೋದರೆ ಎಲ್ಲವೂ ಹೋದಂತೆ. ಬೇರೆ ಕಡೆ ಇನ್ನೊಂದು ಪ್ರತಿ ಇಡಬೇಕಿತ್ತು. ಇಡುವ ಕೆಲಸವೂ ನನ್ನದೇ. ಇಟ್ಟಿರಲಿಲ್ಲ.

ಆ ಸೋಮವಾರ ಬೆಳಿಗ್ಗೆ ಒಂದು ಡಿಸ್ಕು ಕೆಟ್ಟಿತ್ತು. ಪರದೆಯ ಮೇಲೆ ‘ಡಿಸ್ಕ್ 2’ ಎಂದಿತ್ತು. ಎರಡು ಎಂದು ಚೀಟಿ ಅಂಟಿಸಿದ್ದನ್ನು ಎಳೆದೆ. ಪರದೆ ಎಣಿಸುವುದು ಸೊನ್ನೆಯಿಂದ, ನಾನು ಚೀಟಿ ಅಂಟಿಸಿದ್ದು ಒಂದರಿಂದ. ಕೆಟ್ಟದ್ದು ಮೂರನೆಯದು, ನಾನು ಎಳೆದದ್ದು ಚೆನ್ನಾಗಿದ್ದುದನ್ನು. ಗಾಬರಿಯಲ್ಲಿ ಮತ್ತೆ ತುರುಕಿದೆ. ಪರದೆ ಏನೋ ಕೇಳಿತು. ಪೂರ್ತಿ ಓದಲಿಲ್ಲ — ಓದಿದೆನೋ, ಓದಿಯೂ ಅರ್ಥವಾಗಲಿಲ್ಲವೋ — ‘ಯೆಸ್’ ಒತ್ತಿಬಿಟ್ಟೆ. ಆಮೇಲೆ ಅಲ್ಲಿ ಏನೂ ಇರಲಿಲ್ಲ.

ಮ್ಯಾನೇಜರು ಬಂದು ಕೇಳಿದಾಗ, ನಾನು ಬಾಯಿ ತೆರೆಯುವ ಮುಂಚೆ ನೀವೇ ಅಂದಿರಿ: “ಶನಿವಾರ ಹೋಗೋವಾಗ ಯುಪಿಎಸ್ ಸ್ವಿಚ್ ನಾನೇ ಆಫ್ ಮಾಡಿಬಿಟ್ನೇನೋ ಸರ್... ಜ್ಞಾಪಕ ಬರ್ತಿಲ್ಲ.”

ಅವರು ನನ್ನ ಕಡೆ ತಿರುಗಿದರು. “ಹಂಗಾದ್ರೆ ಹೋಗುತ್ತಾ?”

“ಹೋಗಬಹುದು ಸರ್,” ಅಂದೆ.

ಅಷ್ಟೇ. ಎರಡು ಪದ. ಆಮೇಲೆ ಒಳ್ಳೆಯವನಂತೆ ಸೇರಿಸಿದೆ — ಬೇಕೂಂತ ಮಾಡಿಲ್ಲ, ಅಕ್ಕನನ್ನ ಬಿಟ್ಟುಬಿಡಿ. ಅವತ್ತು ಮಧ್ಯಾಹ್ನ ನಿಮ್ಮ ಡಬ್ಬಿಯಿಂದ ನನಗೆ ಚಿತ್ರಾನ್ನ ಹಾಕಿಕೊಟ್ಟಿರಿ.

ಕರೆಂಟು ಹೋದದ್ದು ಬಂದದ್ದನ್ನು ಸರ್ವರ್ ಬೇರೆಯಾಗಿ ಬರೆದಿಡುವ ದಾಖಲೆಯನ್ನು ಅದೇ ದಿನ ನೋಡಿದ್ದೆ, ಅಕ್ಕ. ಶನಿವಾರದಿಂದ ಸೋಮವಾರದವರೆಗೆ ಒಂದು ಕ್ಷಣವೂ ಕರೆಂಟು ಹೋಗಿರಲಿಲ್ಲ. ನೀವು ಸ್ವಿಚ್ ಮುಟ್ಟೇ ಇರಲಿಲ್ಲ. ನೋಡಿಯೂ ಪರದೆ ಮುಚ್ಚಿದೆ.

ಮುಂದಿನ ವಾರ ರಾಯಲ್ಪಾಡಿನಿಂದ ಬಂದಿದ್ದ ಹೆಂಗಸು ಕೌಂಟರಿನಲ್ಲಿ ನಿಂತು, “ಅಮ್ಮಾ, ನಾ ಪಾತ ಸ್ಕ್ಯಾನ್ ಏದಿ?” ಎಂದು ತೆಲುಗಿನಲ್ಲಿ ತನ್ನ ಹಳೆಯ ಸ್ಕ್ಯಾನ್ ಕೇಳಿದಳು. ಎದೆಯ ಗಂಟು ಹಳೆಯದೋ ಹೊಸದೋ ತಿಳಿಯಲು ಡಾಕ್ಟರಿಗೆ ಹಳೆಯ ಚಿತ್ರ ಬೇಕಿತ್ತು. ಇಲ್ಲ ಎಂದಾಗ ಗಂಟಿಗೆ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗೆ ಅವಳು ದಿನಾ ಬಂದು ಬೆಂಚಿನ ಮೇಲೆ ಕೂರುತ್ತಿದ್ದಳು, ನೀವು ಪಕ್ಕದಲ್ಲಿ ಕೂತು ತೆಲುಗಿನಲ್ಲಿ ಕ್ಷಮೆ ಕೇಳುತ್ತಿದ್ದಿರಿ. ಗಂಟು ಕೆಟ್ಟದ್ದಾಗಿರಲಿಲ್ಲ. ಆದರೂ ಆ ತಿಂಗಳ ಕೊನೆಗೆ ನೀವು ಕೆಲಸ ಬಿಟ್ಟಿರಿ. “ನನ್ನ ಕೈಮೇಲೆ ನನಗೇ ನಂಬಿಕೆ ಹೋಯ್ತು ಕಣೋ ರಘು,” ಅಂದಿರಿ. ಆಗಲೂ ನಾನು — ಏನು ಮಾಡುತ್ತಿದ್ದೆ? ನಿಮ್ಮ ಚೀಲ ಬಸ್ಸಿಗೆ ಹತ್ತಿಸುತ್ತಿದ್ದೆ.

ಹೋದ ವಾರ ಮಾಲೂರು ಸ್ಟೇಷನ್ನಿನಲ್ಲಿ ನೀವೇ ಗುರುತು ಹಿಡಿದು ಕರೆದಿರಿ. ಜೊತೆಗಿದ್ದ ತಂಗಿಗೆ ಹೇಳಿದಿರಿ: “ಅವತ್ತು ನನ್ನ ಪರವಾಗಿ ಮಾತಾಡಿದೋನು ಇವನೊಬ್ಬನೇ.” ನಾನು ನಕ್ಕೆ. ಹೇಗೆ ನಕ್ಕೆನೋ — ಭಯವೆನ್ನಲೇ, ಅಭ್ಯಾಸವೆನ್ನಲೇ? ಯಾವ ಹೆಸರಿಟ್ಟರೂ ಅದು ನೆಪವೇ ಆಗುತ್ತದೆ.

ಸೆಂಟರಿನ ಮ್ಯಾನೇಜರಿಗೆ ಇದನ್ನೆಲ್ಲ ಬರೆದು ನಿನ್ನೆ ಕಳಿಸಿದೆ. ನಾನು ಇನ್ನೂ ಅಲ್ಲೇ ಕೆಲಸದಲ್ಲಿದ್ದೇನೆ, ನಾಳೆ ಇರುತ್ತೇನೋ ಇಲ್ಲವೋ. ಭಾನುವಾರ ಲಕ್ಕೂರಿನ ನಿಮ್ಮ ಮನೆಗೆ ಬರುತ್ತೇನೆ. ನಿಮ್ಮ ತಂಗಿಯನ್ನೂ ಕೂರಿಸಿಕೊಳ್ಳಿ, ಅಕ್ಕ. ಅವರೆದುರಿಗೇ ಹೇಳಬೇಕು.