ಚಾರ್ಟಿನಿಂದ ಕಾಣೆಯಾದ ಕುಸುಬೆ

ಗೆಳೆಯರೇ, ಇವತ್ತು ಮನೂರಿನಲ್ಲಿ ನನ್ನ ಚಾರ್ಟಿನ ಮಾನ ಹೋಯಿತು.

ಹಿಂಗಾರಿಗೆ ಯಾವ ಬೀಜ ತರಿಸಬೇಕೆಂದು ನಮ್ಮ ಬೀಜ ಸಂಘದ ಸಭೆ ಇತ್ತು. ಯಾರ ಹೊಲದಲ್ಲಿ ಯಾವ ಬೆಳೆ ಎಷ್ಟೆಂಬ ಲೆಕ್ಕವನ್ನು ಪೈಥಾನ್ ಪ್ರೋಗ್ರಾಮಿಗೆ ಹಾಕಿದ್ದೆ. ಚಾರ್ಟು ಓದಲು ಸುಲಭವಾಗಲೆಂದು, ಒಬ್ಬೊಬ್ಬರ ಹೊಲದಲ್ಲಿ ಅರ್ಧ ಎಕರೆಗಿಂತ ಕಡಿಮೆಯಿದ್ದ ಬೆಳೆಯ ಹೆಸರು ತೆಗೆದು ‘ಇತರೆ’ ಎಂದು ತುಂಬುವ ಷರತ್ತು ಬರೆದಿದ್ದೆ.

ಸಭೆಗೆ ಬಂದಿದ್ದ ನನ್ನ ದೊಡ್ಡವ್ವ ಲ್ಯಾಪ್‌ಟಾಪಿಗೆ ಮೂಗು ತಾಗಿಸಿ ನೋಡಿದಳು. “ಜ್ವಾಳ ಅದ, ಕಡ್ಲಿ ಅದ. ಕುಸುಬಿ ಎಲ್ಲಿ ಹೋತೋ ತಮ್ಮಾ?”

“ಇತರೆದಾಗ ಅದ, ದೊಡ್ಡವ್ವ.”

“ಆ ‘ಇತರೆ’ ಬೀಜ ಯಾ ಅಂಗಡ್ಯಾಗ ಸಿಗ್ತದ? ನೀನೇ ಹೋಗಿ ತರ್ತೀಯೇನು?”

ಸಭೆಯೆಲ್ಲ ನಕ್ಕಿತು.

ದನ ನುಗ್ಗದಿರಲೆಂದು ಜೋಳದ ಹೊಲದ ಸುತ್ತ ನಾಲ್ಕು ಸಾಲು ಮುಳ್ಳಿನ ಕುಸುಬೆ ಬಿತ್ತುವುದು ನಮ್ಮ ರೂಢಿ. ಎಲ್ಲರ ಹೊಲದಲ್ಲೂ ಇದೆ, ಎಲ್ಲರಲ್ಲೂ ಸ್ವಲ್ಪವೇ. ಎಳೆ ಜೋಳದ ತೆನೆ ಸುಟ್ಟು ತಿನ್ನುವ ಸೀತನಿಯ ಆಸೆಗೆ ಆ ಸಾಲು ದಾಟಿ, ಕಾಲು ಗೀರಿಸಿಕೊಂಡು, ಇದೇ ದೊಡ್ಡವ್ವನ ಕೈಯಲ್ಲಿ ಬೈಸಿಕೊಳ್ಳುತ್ತ ಕುಸುಬೆ ಎಣ್ಣೆಯನ್ನೇ ಹಚ್ಚಿಸಿಕೊಂಡು ಬೆಳೆದವನು ನಾನು.

ಷರತ್ತು ಅಳಿಸಿದೆ. ಚಾರ್ಟು ಈಗ ಗಿಜಿಗಿಜಿ, ಆದರೆ ಕುಸುಬೆ ಬೀಜ ಬರುತ್ತದೆ.

ದೊಡ್ಡವರು ಸಣ್ಣವರನ್ನು ನುಂಗುತ್ತಾರೆಂದು ನಾರಾಯಣಖೇಡದ ಬಸ್‌ಸ್ಟ್ಯಾಂಡಿನಲ್ಲಿ ಕರಪತ್ರ ಹಂಚುವವನು ನಾನೇ. ಇವತ್ತು ಒಂದೇ ಸಾಲಿನ ಕೋಡಿನಲ್ಲಿ ಇಡೀ ಊರಿನ ಬೇಲಿ ನುಂಗಿದ್ದೆ.