ಮುತ್ತವ್ವನ ಮರಿ ನುಂಗಿದ ನೂಲು

ಮೂವತ್ತೊಂದು ವರ್ಷದ ಸಂಸಾರದಲ್ಲಿ ಬನಹಟ್ಟಿಯ ಮುತ್ತವ್ವ ಗಂಡನ ಮೇಲೆ ಕೈ ಎತ್ತಿದ್ದು ಒಂದೇ ಸಲ. ಬರಿಗೈ ಅಲ್ಲ, ಲಾಳಿ. ಮಗ್ಗದಲ್ಲಿ ನೂಲು ಹೊತ್ತು ಅತ್ತಿಂದಿತ್ತ ಹಾರುವ, ಎರಡೂ ತುದಿಗೆ ಉಕ್ಕಿನ ಮೊನೆಯಿರುವ ಕಟ್ಟಿಗೆ ಅದು.

ಅವಳ ಪಡಸಾಲೆಯಲ್ಲಿ ಎರಡು ಪಾವರ್‌ಲೂಮ್‌ಗಳಿವೆ. ಗಂಡ ಮಲಕಾಜಪ್ಪ ನೇಯುತ್ತಾನೆ, ಅವಳು ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುತ್ತಾಳೆ. ಎಂಟನೆಯ ವಯಸ್ಸಿನಿಂದ ಅವಳ ಬೆರಳ ಮೇಲೆ ಹರಿದ ನೂಲು ಅಲ್ಲೊಂದು ಗೆರೆ ಕೊರೆದಿದೆ. ಮಗ್ಗದ ಸದ್ದಿನಲ್ಲಿ ಬಾಳಿದವರಾದ್ದರಿಂದ ಇಬ್ಬರೂ ಮಾತಾಡಿದರೆ ಓಣಿಗೆಲ್ಲ ಕೇಳುತ್ತದೆ. ಇಲಿಗಳು ನೂಲು ಕಡಿಯತೊಡಗಿದಾಗ ಮುತ್ತವ್ವ ರಬಕವಿಯ ತಂಗಿ ಮಂಗಲಾಳ ಮನೆಯಿಂದ ಮೂರು ತಿಂಗಳ ಬೆಕ್ಕಿನ ಮರಿ ತಂದಳು.

ಐದನೆಯ ದಿನ ಮರಿ ತಿಂದದ್ದನ್ನೆಲ್ಲ ಕಕ್ಕಿತು. ಮರುದಿನ ಬೆಳಿಗ್ಗೆ ಅದರ ಬಾಯಿಂದ ಕೆಂಪು ನೂಲೊಂದು ಜೋತಾಡುತ್ತಿತ್ತು. ಮಲಕಾಜಪ್ಪ ಮರಿಯನ್ನು ಮೊಳಕಾಲ ಕೆಳಗೆ ಅದುಮಿ, ನೂಲನ್ನು ಬೆರಳಿಗೆ ಸುತ್ತಿ ಜಗ್ಗಿದ. ಮರಿ ಚೀರಿತು. ನೂಲಿನ ಜೊತೆ ರಕ್ತ ಬಂತು.

“ಜಗ್ಗಬ್ಯಾಡ್ರಿ! ಅರಿವ್ಯಾಗಿಂದ ಒಂದ ಎಳಿ ಜಗ್ಗಿದ್ರ ಏನಾಕೈತಿ? ನೆರಿಗಿ ಕೂಡತೈತಿ. ಹೊಟ್ಟ್ಯಾಗ ಕರಳೂ ಹಂಗ ಮುದುಡತಾವ!”

“ಸುಮ್ನ ಕುಂಡ್ರ ಬೇ. ನೂಲ ಬಿಡಸೂದು ನನಗ ಕಲಸಾಕ ಬಂದಾಳ!”

ಅವಳು ಅವನ ಮಣಿಕಟ್ಟು ಹಿಡಿದಳು. ಅವನು ಹಿಂಗೈಯಿಂದ ಬಾರಿಸಿದ ಏಟಿಗೆ ಅವಳ ತುಟಿ ಒಡೆಯಿತು. ಅವನು ಮತ್ತೆ ನೂಲು ಸುತ್ತಿಕೊಂಡ. ಮುತ್ತವ್ವನ ಕೈಗೆ ಸಿಕ್ಕಿದ್ದು ಲಾಳಿ. ಅವನ ಹುಬ್ಬಿನ ಮೇಲೆ ಹೊಡೆದಳು. ಒಂದು ಕಣ್ಣು ರಕ್ತದಲ್ಲಿ ಮುಚ್ಚಿತು, ಹಿಡಿತ ಸಡಿಲಿತು.

“ಕೊಂದೆಲ್ಲ ಲೇ ನನ್ನ!”

“ಅದನ್ನ ನೀವು ಕೊಲ್ಲಾಕತ್ತಿದ್ರಿ.”

ಮರಿಯನ್ನು ಚೀಲಕ್ಕೆ ಹಾಕಿಕೊಂಡು ಅವಳು ಜಮಖಂಡಿಗೆ ಹೋಗುವ ಟಂಟಂ ರಿಕ್ಷಾ ಹತ್ತಿದಳು. ತಲೆಗೆ ಟವೆಲ್ ಬಿಗಿದು ಅವನೂ ಹತ್ತಿ ಎದುರಿಗೆ ಕೂತ.

ದನಗಳ ಡಾಕ್ಟರು ಅಕ್ಷತಾ ಮರಿಯ ಬಾಯಿ ತೆರೆದು ನೋಡಿದರು. ನೂಲು ನಾಲಗೆಯ ಬುಡಕ್ಕೆ ಸುತ್ತಿ ಮಾಂಸ ಕೊಯ್ದಿತ್ತು.

“ಯಾರರ ಜಗ್ಗಿದ್ರೇನು?”

“ನಾನ ರೀ,” ಎಂದ ಮಲಕಾಜಪ್ಪ.

“ಇನ್ನೊಂದೀಟ ಜಗ್ಗಿದ್ರ ಕರಳ ಹರಿದು ಸಾಯತಿತ್ತು. ನಿಮ್ಮ ತಲಿಗೇನಾತು?”

“ಜಗ್ಗಿದ್ದಕ್ಕ ಏಟ ಬಿದ್ದೈತ್ರಿ.”

ಆಸ್ಪತ್ರೆಯ ಸಹಾಯಕರು ಕಾಲುಬಾಯಿ ರೋಗದ ಲಸಿಕೆಗೆಂದು ಹಳ್ಳಿಗೆ ಹೋಗಿದ್ದರು. ಮರಿಯನ್ನು ಹಿಡಿಯಲು ಮಲಕಾಜಪ್ಪನೇ ನಿಲ್ಲಬೇಕಾಯಿತು. ಅರಿವಳಿಕೆಯ ಸೂಜಿ ಚುಚ್ಚಿದೊಡನೆ ಮರಿ ಅವನ ಹೆಬ್ಬೆರಳಿಗೆ ಹಲ್ಲು ಊರಿತು. ಅವನು ಬಿಡಲಿಲ್ಲ. ಅದರ ಮೈ ಮೆತ್ತಗಾಗುವವರೆಗೂ ಹಾಗೆಯೇ ನಿಂತ.

ಡಾಕ್ಟರು ನಾಲಗೆಯ ಬುಡದಲ್ಲಿ ನೂಲು ಕತ್ತರಿಸಿ ಹೊಟ್ಟೆ ಸೀಳಿದರು. ಕರುಳು ನೆರಿಗೆ ಹಿಡಿದ ಅರಿವೆಯಂತೆ ಮುದುಡಿತ್ತು. ಎರಡು ಕಡೆ ಕೊಯ್ದು ನೂಲನ್ನು ತುಂಡು ತುಂಡಾಗಿ ತೆಗೆದರು. ಒಂದು ಕಡೆ ಕರುಳು ಕಪ್ಪಾಗಿತ್ತು.

“ಮೂರು ದಿನ ದಾಟಬೇಕ್ರಿ. ದಾಟಿ ತಾನ ತಿಂದ್ರ ಉಳೀತು ಅನ್ನರಿ. ಯಜಮಾನರ, ನೀವು ಇಲ್ಲಿಂದ ಸೀದಾ ಮಂದಿ ಆಸ್ಪತ್ರಿಗೆ ಹೋಗ್ರಿ. ತಲಿಗೆ ಹೊಲಿಗಿ, ಕಚ್ಚಿದ್ದಕ್ಕ ರೇಬಿಸ್ ಇಂಜೆಕ್ಷನ್.”

ಮೂರು ದಿನ ಮುತ್ತವ್ವ ಸಿರಿಂಜಿನಲ್ಲಿ ಔಷಧಿ ಹಾಕಿದಳು. ಮೊದಲೆರಡು ದಿನ ಮರಿ ಕಣ್ಣು ಸಹ ತೆರೆಯಲಿಲ್ಲ. ಗಂಡ ಹೆಂಡತಿ ಮಾತಾಡಲಿಲ್ಲ. ನಾಲ್ಕನೆಯ ಬೆಳಿಗ್ಗೆ ಅವಳು ಬಟ್ಟಲಲ್ಲಿ ತೆಳ್ಳಗಿನ ಗಂಜಿ ಇಟ್ಟಳು. ಮರಿ ಮೂಸಿತು, ಮುಖ ತಿರುಗಿಸಿತು. ಅವಳು ಬಟ್ಟಲು ಎತ್ತಲು ಹೋದಾಗ ಗುರ್ರೆಂದು ಅವಳ ಕೈ ಪರಚಿ, ಬಟ್ಟಲಿಗೆ ಬಾಯಿ ಹಾಕಿತು.

“ತಿನ್ನಾಕತ್ತೈತ್ರೀ!” ಮುತ್ತವ್ವ ಕೂಗಿದಳು.

ಮಲಕಾಜಪ್ಪ ಮಗ್ಗ ನಿಲ್ಲಿಸಿ ಬಂದ.